ನಿನ್ನ ಪತ್ರದ ಆ ಅರ್ಧ ವಾಕ್ಯ

ಪ್ರೀತಿಯ ಹುಡುಗಿ,

ನಿನ್ನ ಪತ್ರ ಪೂರ್ತಿ ಓದಿದೆ, ಆಮೇಲೆ ರಾತ್ರಿ ಕೂತು ಮತ್ತೆ ಓದಿದೆ. ಬೆಂಗಳೂರಲ್ಲಿ ಇದ್ದಿದ್ರೆ ಪ್ರಕಾಶಕರ ಪರಿಚಯ, ಕಾರ್ಯಕ್ರಮ, ಓದೋ ಗೆಳೆಯರು ಎಲ್ಲ ಸಿಗ್ತಿದ್ರು, ಇಲ್ಲಿ ಮಡಿಕೇರಿಯ ಹೋಂಸ್ಟೇ ರಿಸೆಪ್ಶನಲ್ಲಿ ಕೂತು ಗೆಸ್ಟ್‌ಗಳ ಆಧಾರ್ ಕಾರ್ಡ್ ಜೆರಾಕ್ಸ್ ಇಸ್ಕೊಳ್ಳೋದೇ ಆಯ್ತು, ಜೂನ್ ಬಂದ್ರೆ ಮಳೆ, ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಅವಕಾಶ ಎಲ್ಲಿಂದ ಬರಬೇಕು ಮೇಡಂ ಅಂತ ಕೇಳಿದ್ದೀಯ. ಆ ಕಷ್ಟ ಎಲ್ಲ ನಿಜವೇ. ಆದ್ರೆ ಅದೇ ಪತ್ರದ ಕೊನೆ ಹತ್ರ, ಉತ್ತರ ಬರೆಯೋಕೆ ಯಾಕೆ ತಡ ಆಯ್ತು ಅಂತ ಹೇಳೋವಾಗ, ಚೆಂಬು ಕಡೆ ಒಂದು ಮದುವೆಗೆ ಹೋಗಿದ್ದೆ, ಅಲ್ಲಿ ಅಜ್ಜಿ ಸೋಬಾನೆ ಹೇಳ್ತಿದ್ರು, ಈಗ ನಮ್ಮ ಮನೆಯಲ್ಲಿ ಅದು ಪೂರ್ತಿ ಬರೋದು ಅವರೊಬ್ಬರಿಗೇ ಅಂತ ಬರೆದು, ಮುಂದಿನ ಸಾಲಲ್ಲಿ ಬಸ್ಸು ಸಿಗದ ಕಥೆಗೆ ಹೋಗಿಬಿಟ್ಟಿದ್ದೀಯ. ನಾನು ಅಲ್ಲಿಂದ ಮುಂದೆ ಹೋಗೋಕೇ ಆಗ್ಲಿಲ್ಲ.

ಅವರೊಬ್ಬರಿಗೇ ಬರ್ತದೆ ಅಂತ ನಿನಗೆ ಗೊತ್ತಿದೆ, ಅರೆಭಾಷೆ ನಿನ್ನ ಮನೆಮಾತು, ಬರೆಯೋಕೆ ಕೈ ಇದೆ, ಅಜ್ಜಿ ಇನ್ನೂ ಇದ್ದಾರೆ. ಇಷ್ಟೂ ಒಟ್ಟಿಗೆ ಇರೋ ಜನ ಈ ಜಿಲ್ಲೆಯಲ್ಲಿ ಎಷ್ಟು ಇದ್ದಾರು ಹೇಳು. ಬೆಂಗಳೂರಿನ ಯಾವ ಪ್ರಕಾಶಕನೂ ಇದನ್ನ ನಿನಗೆ ಕೊಡೋಕೆ ಆಗಲ್ಲ.

ನಡಿಕೇರಿಯಂಡ ಚಿಣ್ಣಪ್ಪನವರನ್ನ ನೆನೆಸ್ಕೊ. ಮೇಷ್ಟ್ರಾಗಿದ್ದವರು, ಪೊಲೀಸ್ ಇಲಾಖೆಯಲ್ಲೂ ಇದ್ದವರು, ಕೆಲಸ ಬಿಟ್ಟು ಸಾಹಿತ್ಯ ಮಾಡ್ತೀನಿ ಅಂತ ಹೊರಟವರಲ್ಲ. ದುಡಿ ಬಡ್ಕೊಂಡು ಹಾಡೋ ಹಾಡು ಆ ಕಾಲಕ್ಕೆ ಹುತ್ತರಿ ಹಬ್ಬಕ್ಕೂ ಮದುವೆಗೂ ಸಾವಿಗೂ ಎಲ್ಲ ಊರಲ್ಲೂ ಕೇಳ್ತಿತ್ತು, ಎಲ್ಲರ ಕಿವಿಗೂ ಬಿದ್ದಿತ್ತು, ಅದಕ್ಕೇ ಇರಬೇಕು ಬರೆದಿಡೋ ವಸ್ತು ಅಂತ ಹೆಚ್ಚಿನವರಿಗೆ ಅನ್ನಿಸ್ಲಿಲ್ಲ. ಅವರಿಗೆ ಅನ್ನಿಸ್ತು. 1924ರಲ್ಲಿ ಅವರು ಆ ಹಾಡುಗಳನ್ನ ಕೂಡಿಸಿ ಬರೆದಿಟ್ಟ 'ಪಟ್ಟೋಲೆ ಪಳಮೆ' ಅಚ್ಚಾಗಿ ಬಂತು, ಕೊಡವ ಭಾಷೆಯ ಹಾಡು ಕನ್ನಡ ಲಿಪಿಯಲ್ಲಿ, ಇವತ್ತಿಗೂ ಕೊಡವರ ಪದ್ಧತಿ ಬಗ್ಗೆ ಏನಾದ್ರೂ ಸಂದೇಹ ಬಂದ್ರೆ ಜನ ಅದನ್ನೇ ತೆಗೆದು ನೋಡ್ತಾರೆ. ಎಲ್ಲರಿಗೂ ಗೊತ್ತಿರೋದ್ರಲ್ಲಿ ಏನಿದೆ ಮಹಾ ಅಂತ ನಿನಗೆ ಅನ್ನಿಸಿದಾಗೆಲ್ಲ ಸ್ವಲ್ಪ ನಿಂತು ನೋಡು, ಅವಕಾಶ ಜಾಸ್ತಿ ಅಡಗಿ ಕೂರೋದು ಅಲ್ಲೇ.

ಇನ್ನೊಬ್ಬರು ಕಥೆಗಾರ್ತಿ ಕೊಡಗಿನ ಗೌರಮ್ಮ. 1912ರಲ್ಲಿ ಹುಟ್ಟಿ 1939ರಲ್ಲಿ, 27 ವರ್ಷಕ್ಕೇ, ನೀರಲ್ಲಿ ಮುಳುಗಿ ಹೋಗಿಬಿಟ್ಟರು, ಅಷ್ಟು ಸಣ್ಣ ಆಯಸ್ಸಲ್ಲಿ ಸುಂಟಿಕೊಪ್ಪದ ಕಡೆ ತೋಟದ ಮನೆಯಲ್ಲಿ ಇದ್ಕೊಂಡೇ ಕಥೆ ಬರೆದರು. ಹತ್ತಿರ ಯಾವ ಸಾಹಿತ್ಯದ ಗುಂಪಿತ್ತು? 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರ ಗಂಡ ಕೆಲಸ ಮಾಡ್ತಿದ್ದ ತೋಟದ ಸಾಹುಕಾರರ ಮನೆಗೇ ಬಂದರು. ದೂರದಿಂದ ಕೈ ಮುಗಿದು ಬಂದಿದ್ರೂ ಯಾರೂ ಏನೂ ಅಂತಿರ್ಲಿಲ್ಲ. ಆಯಮ್ಮ ಗಾಂಧೀಜಿ ನಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತರು, ಗಾಂಧೀಜಿ ಬಂದರು, ಆಯಮ್ಮ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಅವತ್ತು ಅವರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ, ನಿನಗಿಂತ ಚಿಕ್ಕವರು. ತನಗೆ ಏನು ಬೇಕು ಅಂತ ಮೊದಲೇ ಗೊತ್ತಿದ್ದವರಿಗೆ ಮಾತ್ರ ಆ ಗಳಿಗೆಯಲ್ಲಿ ಹಾಗೆ ಮಾಡೋಕೆ ಆಗೋದು, ಯೋಚನೆ ಮಾಡಿ ನಾಳೆ ಹೇಳ್ತೀನಿ ಅನ್ನೋಕೆ ಅಲ್ಲಿ ಸಮಯ ಇರ್ಲಿಲ್ಲ.

ನಮ್ಮ ಕಾಫಿ ತೋಟದವರು ಮಾರ್ಚ್ ತಿಂಗಳಲ್ಲಿ ಹೇಗಿರ್ತಾರೆ ನೋಡಿದ್ದೀಯಲ್ಲ. ರೊಬಸ್ಟಾಕ್ಕೆ ಹೂ ಮಳೆ ಹದವಾಗಿ ಒಂದು ಇಂಚಾದ್ರೂ ಬೇಕು, ಕಾಲು ಇಂಚು ಬಿದ್ದು ನಿಂತ್ರೆ ಮೊಗ್ಗು ಅರ್ಧಕ್ಕೇ ಕೆಟ್ಟುಹೋಗ್ತದೆ. ಅದಕ್ಕೇ ಮಳೆ ಬರ್ತದೋ ಇಲ್ವೋ ಗೊತ್ತಿಲ್ದೆನೇ ಪಂಪ್ ರಿಪೇರಿ ಆಗಿರ್ತದೆ, ಪೈಪು ಜೋಡಿಸಿ ಸ್ಪ್ರಿಂಕ್ಲರ್ ನಿಲ್ಲಿಸಿ ಆಗಿರ್ತದೆ, ಡೀಸೆಲ್ ತಂದಿಟ್ಟಿರ್ತಾರೆ. ಮಳೆಯಾಗಿ ಎಂಟತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಅರಳ್ತದೆ, ಆ ಹೂವು ಇರೋದು ಎರಡು ಮೂರು ದಿನ ಅಷ್ಟೆ. ಮಳೆ ನೋಡ್ಕೊಂಡು ಪೈಪ್ ತರೋಕೆ ಹೊರಟವನಿಗೆ ಆ ವರ್ಷದ ಬೆಳೆ ಇಲ್ಲ.

ಬರೆಯೋರಿಗೂ ಈ ತಯಾರಿ ಬೇಕು. ನಿನ್ನ ಹತ್ರ ಈಗ ಪೂರ್ತಿ ಮುಗಿದು, ತಿದ್ದಿ, ಟೈಪ್ ಆಗಿರೋ ಕಥೆ ಎಷ್ಟಿದೆ? ಅರ್ಧ ಬರೆದದ್ದು ಲೆಕ್ಕಕ್ಕಿಲ್ಲ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೆ ಕರೆದಾಗ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಅಂತ ಹಸ್ತಪ್ರತಿ ಕೇಳಿದಾಗ, ಮಡಿಕೇರಿಯಲ್ಲೇ ಇರೋ ಅರೆಭಾಷೆ ಅಕಾಡೆಮಿ ಏನಾದ್ರೂ ಪ್ರಕಟಣೆ ಕೊಟ್ಟಾಗ, ಕೊನೆ ದಿನಾಂಕ ನೋಡ್ಕೊಂಡು ಬರೆಯೋಕೆ ಕೂತ್ರೆ ಅದು ಆಗೋ ಮಾತಲ್ಲ. ಪೇಪರಲ್ಲಿ ಇಂಥ ಪ್ರಕಟಣೆ ಒಳಪುಟದ ಮೂಲೆಯಲ್ಲಿ ಸಣ್ಣಕ್ಕೆ ಬರ್ತದೆ, ಹೋಂಸ್ಟೇಗೆ ದಿನಾ ಪೇಪರ್ ಬರ್ತದಲ್ಲ, ಗೆಸ್ಟ್ ಏಳೋಕೆ ಮೊದಲು ಆ ಮೂಲೆ ಓದೋ ಅಭ್ಯಾಸ ಮಾಡ್ಕೊ. ಚಿಕ್ಕದನ್ನ ಯಾರಾದ್ರೂ ಕೇಳಿದ್ರೆ, ದೇವಸ್ಥಾನದ ಸ್ಮರಣ ಸಂಚಿಕೆಗೆ ಒಂದು ಪುಟ, ಮಡಿಕೇರಿ ಆಕಾಶವಾಣಿಗೆ ಹತ್ತು ನಿಮಿಷದ ಮಾತು, ಅಷ್ಟೇನಾ ಅನ್ಬೇಡ, ಅದೇ ದಿನ ಉತ್ತರ ಕೊಡು. ಹೇಳಿದ ದಿನಕ್ಕೆ ಬರೆದು ಕೊಡೋರು ತುಂಬ ಕಮ್ಮಿ, ಕೊಟ್ಟವರ ಹೆಸರು ಸಂಪಾದಕರ ನೆನಪಲ್ಲಿ ಉಳೀತದೆ.

ಗಮನಿಸೋದು ಹೇಗೆ ಅಂತಾನೂ ಕೇಳಿದ್ದೀಯ. ಎಲ್ಲರೂ ನೋಡೋ ಕಡೆಯಿಂದ ಕಣ್ಣು ಸ್ವಲ್ಪ ಪಕ್ಕಕ್ಕೆ ಹಾಕು. 2024ರಲ್ಲಿ ನಾಪೋಕ್ಲಲ್ಲಿ ಕೊಡವ ಕುಟುಂಬಗಳ ಹಾಕಿ ಆಯ್ತಲ್ಲ, 360 ಟೀಮು, ಪತ್ರಿಕೆಗಳಲ್ಲಿ ನಾನು ಓದಿದ್ದು ಹೆಚ್ಚಾಗಿ ಗೋಲಿನ ಲೆಕ್ಕ, ಗಿನ್ನೆಸ್ ವಿಷಯ. ಒಂದೇ ಮನೆಯ ಮಾವ, ಸೊಸೆ, ಹೈಸ್ಕೂಲ್ ಹುಡುಗ ಒಂದೇ ಟೀಮಲ್ಲಿ ಆಡೋ ಆಟ ಅದು, ಆ ಗ್ಯಾಲರಿಯಲ್ಲಿ ಕೂತ ವಯಸ್ಸಾದವರ ಪಕ್ಕ ಒಂದು ಮಧ್ಯಾಹ್ನ ಕೂತ್ರೆ ಎಷ್ಟು ಕಥೆ ಇರ್ತದೆ! ನಿನ್ನ ರಿಸೆಪ್ಶನಲ್ಲೂ ಹಾಗೇ, ಗೆಸ್ಟ್ ಅಬ್ಬಿ ಫಾಲ್ಸ್‌ಗೆ ದಾರಿ ಕೇಳ್ತಾರೆ, ನೀನು ಹೇಳ್ತೀಯ, ಅಲ್ಲಿಗೆ ಮುಗೀತು. ಇನ್ನೊಂದು ಪ್ರಶ್ನೆ ನೀನು ಕೇಳು, ಯಾಕೆ ಬಂದ್ರಿ, ಮೊದಲು ಯಾವಾಗ ಬಂದಿದ್ರಿ ಅಂತ. ರಾತ್ರಿ ಮಲಗೋಕೆ ಮೊದಲು ಅವತ್ತು ಕಿವಿಗೆ ಬಿದ್ದ ಒಂದು ಮಾತು, ಯಾರು ಯಾವಾಗ ಹೇಳಿದ್ದು ಅನ್ನೋದರ ಸಮೇತ ಬರೆದಿಡು, ಚೆನ್ನಾಗಿದೆಯೋ ಇಲ್ವೋ ಅಂತ ಆಗ್ಲೇ ತೀರ್ಮಾನ ಮಾಡ್ಬೇಡ.

ಬಿಡಬೇಕಾದ್ದೂ ಇದೆ. ದುಡ್ಡು ಕಟ್ಟಿ, ನಿಮ್ಮ ಕವಿತೆ ಸಂಕಲನದಲ್ಲಿ ಹಾಕಿ ಸರ್ಟಿಫಿಕೇಟ್ ಕೊಡ್ತೀವಿ ಅನ್ನೋ ಮೆಸೇಜ್ ಬರ್ತದೆ, ಅದು ಅವರಿಗೆ ಅವಕಾಶ, ನಿನಗಲ್ಲ. ಇನ್ನೊಂದು ಇದಕ್ಕಿಂತ ಮುಖ್ಯ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದು ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದಾಗ ಅವರ ಮುಖಕ್ಕೆ ಮೊಬೈಲ್ ಹಿಡಿದು ಕೇಳ್ತಿದ್ದ ಜನರನ್ನ ನೋಡಿ ನನಗೆ ಇವತ್ತಿಗೂ ಸಂಕಟ ಆಗ್ತದೆ. ಅಂಥ ಹೊತ್ತಲ್ಲಿ ಅನ್ನ ಬಡಿಸು, ಪಕ್ಕದಲ್ಲಿ ಕೂರು. ಅವರಿಗೇ ಹೇಳಬೇಕು ಅನ್ನಿಸಿದ ದಿನ ಹೇಳ್ತಾರೆ, ಅಷ್ಟು ದಿನ ಕಾಯೋಕೆ ಆಗದಿದ್ರೆ ಆ ಕಥೆ ಬರೀಬೇಡ.

ಅಜ್ಜಿ ವಿಷಯಕ್ಕೂ ಅಷ್ಟೇ. ಮೊದಲು ಅವರ ಒಪ್ಪಿಗೆ ಕೇಳು. ಫೋನಲ್ಲಿ ರೆಕಾರ್ಡ್ ಮಾಡ್ಕೊ, ಜೊತೆಗೆ ನೋಟ್‌ಬುಕ್ಕಲ್ಲೂ ಬರ್ಕೊ, ಅರೆಭಾಷೆಯ ಪದ ಕನ್ನಡಕ್ಕೆ ತಿದ್ದೋಕೆ ಹೋಗ್ಬೇಡ, ಅವರು ಹೇಗೆ ಅಂದ್ರೋ ಹಾಗೇ ಇರಲಿ. ಅರ್ಥ ಗೊತ್ತಾಗದ ಜಾಗದಲ್ಲಿ ಗೆರೆ ಎಳೆದು ಆಮೇಲೆ ಕೇಳು, ಹಾಡಿನ ಮಧ್ಯ ನಿಲ್ಲಿಸ್ಬೇಡ, ನಿಲ್ಲಿಸಿದ್ರೆ ಮುಂದಿನ ಸಾಲು ಅವರಿಗೇ ಮರ್ತುಹೋಗ್ತದೆ. ಯಾರಿಂದ ಕಲಿತದ್ದು, ಮದುವೆಯ ಯಾವ ಶಾಸ್ತ್ರಕ್ಕೆ ಯಾವ ಹಾಡು ಅನ್ನೋದೂ ಕೇಳಿ ಬರೆದಿಡು. ನಿನಗೆ ವಾರದ ರಜೆ ಮಂಗಳವಾರ ಅಂದಿದ್ದೆ ಅಲ್ವಾ, ಈ ಮಂಗಳವಾರವೇ ಬೆಳಿಗ್ಗೆ ಬಸ್ಸಿಗೆ ಹೊರಡು, ಒಂದು ಹಾಡಾದ್ರೂ ಆದ ಕೂಡಲೇ ನೋಟ್‌ಬುಕ್ಕಿನ ಫೋಟೊ ತೆಗೆದು ವಾಟ್ಸಾಪ್ ಮಾಡು, ಅಕ್ಷರ ಚೆನ್ನಾಗಿಲ್ಲದಿದ್ರೂ ಪರವಾಗಿಲ್ಲ, ಓದ್ಕೊಳ್ತೀನಿ.

ನಿನ್ನ,
ಮೇಡಂ