ಸೀಲಿಯಾಕ್ ಇರುವವರು ಡಯಟೀಷಿಯನ್ ಹತ್ರ ಹೋಗುವ ಮುಂಚೆ

ಎಲ್ಲರಿಗೂ ನಮಸ್ಕಾರ. ಸೀಲಿಯಾಕ್ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್‌ನಿಂದ ಕರುಳಿಗೆ ಪೆಟ್ಟಾಗುವ ಕಾಯಿಲೆ) ಅಂತ ಗೊತ್ತಾದ ಮೇಲೆ "ಚಪಾತಿ ಬಿಟ್ಟರೆ ಆಯ್ತಲ್ವಾ" ಅಂತ ಸುಮ್ನೆ ಇರಬೇಡಿ. ಈ ಕಾಯಿಲೆ ಬಗ್ಗೆ ಅನುಭವ ಇರುವ ಡಯಟೀಷಿಯನ್ ಒಬ್ಬರನ್ನು ದಯವಿಟ್ಟು ನೋಡಿ.

ಅಕ್ಕಿ, ರಾಗಿ, ಜೋಳ, ನವಣೆಯಲ್ಲಿ ಗ್ಲುಟನ್ ಇಲ್ಲ, ಹಾಗಾಗಿ ನಮ್ಮ ಊಟಕ್ಕೆ ಅಷ್ಟೇನೂ ತೊಂದರೆ ಇಲ್ಲ. ತೊಂದರೆ ಇರುವುದು ಕಣ್ಣಿಗೆ ಕಾಣದ ಕಡೆ. ಇಂಗಿನ ಡಬ್ಬಿ ತಿರುಗಿಸಿ ಓದಿ ನೋಡಿ. ಎಷ್ಟೋ ಇಂಗಿಗೆ ಗೋಧಿ ಹಿಟ್ಟೋ ಮೈದಾನೋ ಬೆರೆಸಿರುತ್ತಾರೆ. ಅಂದರೆ ಸಾರು, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಎಲ್ಲಕ್ಕೂ ಅದು ಸೇರಿತು. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ನಮ್ಮ ರಾಗಿ ಹಾಕಿದರೂ ಅಷ್ಟೇ ಕಥೆ. 'ಗ್ಲುಟನ್ ಫ್ರೀ' ಅಂತ ಬರೆಯಬೇಕಾದರೆ ಕೆಜಿಗೆ 20 ಮಿಲಿಗ್ರಾಂ ಮೀರಬಾರದು ಅನ್ನುವುದು ನಮ್ಮ ದೇಶದ ನಿಯಮ. ಅಷ್ಟು ಸಣ್ಣ ಲೆಕ್ಕ ಇದು.

ಹೋಗುವಾಗ ರಕ್ತದ ರಿಪೋರ್ಟ್‌ಗಳು ಜೊತೆಗಿರಲಿ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು), ಬಿ12, ವಿಟಮಿನ್ ಡಿ. ಕರುಳಿಗೆ ಪೆಟ್ಟಾದಾಗ ಕಬ್ಬಿಣ, ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ, ಅದನ್ನು ಅವರು ನೋಡಲೇಬೇಕು. ಮೂರ್ನಾಲ್ಕು ದಿನ ತಿಂದದ್ದನ್ನೆಲ್ಲ ಬರೆದುಕೊಳ್ಳಿ, ಮಾತ್ರೆ, ಟಾನಿಕ್ ಕೂಡ. ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆದುಕೊಂಡು ಹೋಗಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

ಇನ್ನೂ ಪರೀಕ್ಷೆ ಆಗಿಲ್ಲದವರು ಈಗಲೇ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಕಾಯಿಲೆ ಇದ್ದರೂ ರಿಪೋರ್ಟ್‌ನಲ್ಲಿ ಇಲ್ಲ ಅಂತ ಬರಬಹುದು.

ಒಳ್ಳೆಯ ಡಯಟೀಷಿಯನ್ ಗೊತ್ತಿದ್ದರೆ ಊರಿನ ಹೆಸರಿನ ಜೊತೆ ಇಲ್ಲಿ ಹಾಕಿ.