ವೃತ್ತದ ಪಾಠವನ್ನು ಕನ್ನಡಕ್ಕೆ ತಂದುಕೊಟ್ಟ ಟೀಚರಿಗೆ

ಹೆಸರು ಹಾಕಬೇಡಿ ಎಂದು ನೀವೇ ಹೇಳಿದ್ದರಿಂದ ಹಾಕುತ್ತಿಲ್ಲ ಟೀಚರ್. ಆದರೆ ನಾಲ್ಕು ಜನರ ಮುಂದೆ ಕೃತಜ್ಞತೆ ಹೇಳದೆ ಇರಲಾರೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಹತ್ತನೇ ತರಗತಿಗೆ ಗಣಿತ ಕಲಿಸಲು ಈ ವರ್ಷವಷ್ಟೇ ಸೇರಿದವಳು ನಾನು. ತರಗತಿಯಲ್ಲಿ ಪ್ರೊಜೆಕ್ಟರ್ ಇದೆ, ಲ್ಯಾಪ್‌ಟಾಪಿನಲ್ಲಿ ಜಿಯೋಜಿಬ್ರಾ (ರೇಖಾಗಣಿತದ ಚಿತ್ರ ಬರೆದು, ಬಿಂದುಗಳನ್ನು ಎಳೆದು ನೋಡುವ ತಂತ್ರಾಂಶ) ಇದೆ. ಕೈಗೆ ಸಿಕ್ಕ ಮಾದರಿಗಳಲ್ಲಿ ಮಾತ್ರ ವಿವರಣೆಯೆಲ್ಲ ಮಲಯಾಳದಲ್ಲಿ. ಹಳೆಯ ಕನ್ನಡ ಟಿಪ್ಪಣಿ ತೆರೆದರೆ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಕಾರಣ, ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು.

ನೀವು ಆ ಕಡತಗಳನ್ನು ಯೂನಿಕೋಡಿಗೆ ಬದಲಿಸಿ, ರಾತ್ರಿ ಫೋನಿನಲ್ಲೇ ಒಂದೊಂದನ್ನೂ ತೆರೆಸಿ ವಿವರಿಸಿದಿರಿ. "ಮೊದಲು ಮಕ್ಕಳು ಕೋನಮಾಪಕ ಹಿಡಿದು ಅಳೆಯಲಿ, ಆಮೇಲೆ ಪ್ರೊಜೆಕ್ಟರ್ ಹಾಕಿ" ಎಂದಿರಿ. ನನ್ನ ತರಬೇತಿಯಲ್ಲೆಲ್ಲ ಇಷ್ಟು ಉಪಯೋಗಕ್ಕೆ ಬಂದ ಮಾತು ಇನ್ನೊಂದಿಲ್ಲ.

ಹಾಗೆಯೇ ಮಾಡಿದೆ. ಒಂದೇ ಕಂಸದ ಎರಡು ತುದಿಗಳಿಂದ ವೃತ್ತದ ಕೇಂದ್ರದಲ್ಲಿ ಆದ ಕೋನ 100 ಡಿಗ್ರಿ, ಪರಿಧಿಯದು 50. ದೊಡ್ಡ ಕಂಸದ ಮೇಲೆ ಬಿಂದುವನ್ನು ಎಲ್ಲಿಗೆ ಎಳೆದರೂ ಆ 50 ಕದಲಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಆ ಕಡೆಯ ಚಿಕ್ಕ ಕಂಸಕ್ಕೆ ಕೊಂಡುಹೋಗಿ" ಎಂದಳು. 130 ಬಂತು, 50ಕ್ಕೆ ಕೂಡಿದರೆ 180! ನಾಲ್ಕೂ ಮೂಲೆಗಳು ವೃತ್ತದ ಮೇಲಿರುವ ಚಕ್ರೀಯ ಚತುರ್ಭುಜದ ಪಾಠ ಅವಳ ಪ್ರಶ್ನೆಯಿಂದಲೇ ಶುರುವಾಯಿತು.

ಕಡತಗಳನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದೇನೆ. ನಿಮಗೆ ಮನಸಾರೆ ವಂದನೆಗಳು.