ಹೆಗಲು ಕೊಡುವವರು ಯಾರು?

ನಲ್ಮೆಯ ಓದುಗರೇ,

ಇದು ರಾಜ್ಯೋತ್ಸವ ಸಂಚಿಕೆ. ಪುಟಗಳು ಇವತ್ತು ರಾತ್ರಿಯೇ ಮುದ್ರಣಕ್ಕೆ ಹೋಗಬೇಕು. ಆದರೆ ಶನಿವಾರದ ಕನ್ನಡ ತರಗತಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ನಮ್ಮ ಚಿತ್ರಪ್ರದರ್ಶನದ ಪೋಸ್ಟರ್ ಓದಿ ಕೇಳಿದ ಮಾತಿಗೆ ಮೊದಲು ಉತ್ತರ ಕೊಡಬೇಕಾಗಿದೆ. "ಸಂಸ್ಕಾರ ಅಂದ್ರೆ ಒಳ್ಳೇ ನಡತೆ ಅಂತ ಅಜ್ಜಿ ಹೇಳ್ತಾರೆ. ಈ ಸಿನಿಮಾದಲ್ಲಿ ಯಾರೋ ಸತ್ತುಹೋಗಿದ್ದಾರಂತೆ, ಅದಕ್ಯಾಕೆ ಆ ಹೆಸರು?"

ಎರಡೂ ಅರ್ಥ ಸರಿಯೇ, ಮಗೂ. ನಡತೆಗೂ ಅದೇ ಪದ, ಹೆಣ ಸುಡುವುದಕ್ಕೂ ಅದೇ ಪದ. ಈ ಸಿನಿಮಾಕ್ಕೆ ಮೂಲವಾದ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ನಿಂತಿರುವುದೇ ಆ ಜೋಡಿ ಅರ್ಥದ ಮೇಲೆ.

1965ರಲ್ಲಿ ಬಂದ ಈ ಕಾದಂಬರಿ ಹುಟ್ಟಿದ್ದು ನಮ್ಮಲ್ಲಿ ಹಲವರು ದಿನಾ ಕೆಲಸಕ್ಕೆ ಹೋಗುವ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಸಂಶೋಧನೆಗೆ ಬಂದಿದ್ದ ಅನಂತಮೂರ್ತಿ ಇಲ್ಲಿ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನರ 'ದಿ ಸೆವೆಂತ್ ಸೀಲ್' (1957) ಚಿತ್ರ ನೋಡಿದರು. ಅದರಲ್ಲೂ ಪ್ಲೇಗು, ದೇವರು ಬಾಯಿಬಿಡದ ಕಾಲ. ಯುರೋಪಿನವರು ಅಂಥ ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು. ಮಲೆನಾಡಿನ ಅಗ್ರಹಾರದಲ್ಲಿ ಬೆಳೆದವರಿಗೆ ಅದು ಪಕ್ಕದ ಮನೆಯಲ್ಲೇ ಇತ್ತು.

ಕಾದಂಬರಿಯ ಅಗ್ರಹಾರ ದೂರ್ವಾಸಪುರದಲ್ಲಿ ನಾರಣಪ್ಪ ಸಾಯುತ್ತಾನೆ. ಸಾಲಿಗ್ರಾಮವನ್ನು ನದಿಗೆಸೆದವನು, ಮಾಂಸ ತಿಂದವನು, ಕುಂದಾಪುರದ ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುತ್ತೇನೆ ಎಂದು ಹೆದರಿಸಿದ್ದರಿಂದ ಯಾರೂ ಹಾಕಿರಲಿಲ್ಲ. ಹಾಗಾಗಿ ಸತ್ತಾಗಲೂ ಅವನು ಬ್ರಾಹ್ಮಣನೇ. ಶವ ಏಳುವವರೆಗೆ ಅಗ್ರಹಾರದಲ್ಲಿ ಊಟವಿಲ್ಲ, ಪೂಜೆಯಿಲ್ಲ. ಮಕ್ಕಳಿಲ್ಲದವನಿಗೆ ಬೆಂಕಿ ಇಡುವವರು ಯಾರು? ಹತ್ತಿರದವರು ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಖರ್ಚಿಗೆಂದು ಚಂದ್ರಿ ಒಡವೆ ಬಿಚ್ಚಿಟ್ಟ ಕ್ಷಣದಿಂದ ಅದೇ ಜನ ತಾವೇ ಮಾಡುತ್ತೇವೆ ಎನ್ನತೊಡಗುತ್ತಾರೆ. ತೀರ್ಪು ಹೇಳಬೇಕಾದ ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿ ತಿರುವುತ್ತಾರೆ, ಮಾರುತಿಯ ಮುಂದೆ ಪ್ರಸಾದಕ್ಕೆ ಕಾಯುತ್ತಾರೆ. ಹೂ ಬೀಳುವುದಿಲ್ಲ. ಇತ್ತ ಇಲಿಗಳು ಉರುಳುತ್ತಿವೆ, ಹದ್ದುಗಳು ಸೂರಿನ ಮೇಲೆ ಕೂರುತ್ತಿವೆ. ಎಲ್ಲವನ್ನೂ ನಾರಣಪ್ಪನ ಪಾಪದ ಲೆಕ್ಕಕ್ಕೆ ಬರೆದುಕೊಂಡವರಿಗೆ ಪ್ಲೇಗಿನ ಗುರುತು ಹತ್ತುವುದಿಲ್ಲ. ಕೊನೆಗೆ ಹೆಣ ಎತ್ತುವುದು ಚಂದ್ರಿ, ಅವಳ ಜೊತೆಗೆ ಮೀನು ವ್ಯಾಪಾರಿ ಅಹ್ಮದ್ ಬ್ಯಾರಿ. ರಾತ್ರೋರಾತ್ರಿ ಗಾಡಿಯಲ್ಲಿ ಸಾಗಿಸಿ, ಸುಟ್ಟು, ಅವಳು ಊರು ಬಿಡುತ್ತಾಳೆ. ಸುಡಲು ಶವವೇ ಇಲ್ಲದ ಮೇಲೂ ಅಗ್ರಹಾರ ತೀರ್ಪು ಹುಡುಕುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಕಾದಂಬರಿಯ ಎದೆ ಇರುವುದು ಇಲ್ಲೇ, ಚಂದ್ರಿಯನ್ನು ಕೂಡಿದ ಆಚಾರ್ಯರ ಪತನದಲ್ಲಲ್ಲ. ಚಂದ್ರಿಗೆ ಮಂತ್ರ ಬಾರದು, ಅಧಿಕಾರವೂ ಇಲ್ಲ. ಕೊಳೆಯುತ್ತಿರುವವನು ತನ್ನವನು ಎಂಬುದಷ್ಟೇ ಅವಳಿಗೆ ಗೊತ್ತು.

1970ರ ಚಿತ್ರ ಪಟ್ಟಾಭಿರಾಮ ರೆಡ್ಡಿಯವರದು. ಗಿರೀಶ ಕಾರ್ನಾಡರು ಆಚಾರ್ಯ, ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಸೆನ್ಸಾರ್ ಮಂಡಳಿ ಮೊದಲು ತಡೆದ ಈ ಚಿತ್ರವೇ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರವಾಯಿತು. ಕಾದಂಬರಿ ಓದಿ ಬನ್ನಿ. ಆಚಾರ್ಯರ ಮನಸ್ಸಿನ ತಳಮಳ ಪುಸ್ತಕದಲ್ಲಿ ಮಾತಾಗಿದೆ, ತೆರೆಯ ಮೇಲೆ ಮೌನವಾಗಿದೆ. ಓದದೆ ನೋಡಿದರೆ ಆ ಮೌನ ಬರೀ ನಿಧಾನವಾಗಿ ಕಾಣುತ್ತದೆ. ಚರ್ಚೆಗೆ ಒಂದೇ ವಿನಂತಿ: "ಇದು ಬ್ರಾಹ್ಮಣರ ವಿರುದ್ಧವೋ ಅಲ್ಲವೋ" ಎಂಬಲ್ಲಿಂದ ಶುರು ಮಾಡಿದರೆ ಹತ್ತೇ ನಿಮಿಷದಲ್ಲಿ ಎರಡು ಪಕ್ಷವಾಗಿ ಮಾತು ನಿಲ್ಲುತ್ತದೆ. ಒಡವೆ ಬಿಚ್ಚಿಡುವ ದೃಶ್ಯದಿಂದ ಶುರು ಮಾಡೋಣ.

ಯಾಕೆಂದರೆ ಹೆಣಕ್ಕೆ ಹೆಗಲು ಕೊಡುವವರು ಯಾರು ಎಂಬ ಆ ಪ್ರಶ್ನೆ ಇಲ್ಲಿ ನಮ್ಮೆದುರಿಗೂ ಇದೆ. ಮಕ್ಕಳನ್ನು ನೋಡಲು ಬಂದ ತಂದೆತಾಯಿ, ಒಂಟಿ ವಿದ್ಯಾರ್ಥಿ, ಬಂಧುಗಳಿಲ್ಲದ ಹಿರಿಯರು ಇಲ್ಲಿ ತೀರಿಕೊಂಡರೆ? ಸಾವಿನ ಕಾರಣ ಬರೆದ ವೈದ್ಯರ ಕಾಗದವನ್ನು ಮೆಡಿಕಲ್ ಎಗ್ಸಾಮಿನರ್ (ಅದನ್ನು ಪರಿಶೀಲಿಸುವ ಇನ್ನೊಬ್ಬ ವೈದ್ಯರು) ನೋಡಿ ರಿಜಿಸ್ಟ್ರಾರ್ ಕಚೇರಿಗೆ ಕಳಿಸಿದ ಮೇಲೆ 5 ದಿನದೊಳಗೆ ಸಾವನ್ನು ನೋಂದಾಯಿಸಬೇಕು. ಹಠಾತ್ ಸಾವಾದರೆ ಕಾರೊನರ್ (ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ) ವಿಚಾರಣೆ, ಆಗ ದಿನ ಹೇಳಲಾಗದು. ಚಿತಾಗಾರದ ಸರದಿ ಸಿಗಲು ವಾರ, ಎರಡು ವಾರ ಹಿಡಿಯುವುದುಂಟು. ಹಾಗಾಗಿ ಸೂತಕದ ಹತ್ತು ದಿನವನ್ನು ಯಾವತ್ತಿನಿಂದ ಎಣಿಸಬೇಕೆಂದು ಪುರೋಹಿತರನ್ನು ಮೊದಲೇ ಕೇಳಿಕೊಳ್ಳಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ತೆಗೆಯದೆ ಸುಟ್ಟರೆ ಅದು ಸಿಡಿಯುತ್ತದೆ. ಪೆಟ್ಟಿಗೆಯಲ್ಲಿ ತೆಂಗಿನಕಾಯಿ, ಗಾಜಿನ ಬಳೆ ಇಡುವ ಮುನ್ನ ಕೇಳಿ. ಚಿತಾಗಾರದಲ್ಲಿ ಸಿಗುವ ಹೊತ್ತು ಅರ್ಧ ಮುಕ್ಕಾಲು ಗಂಟೆ, ಆದ್ದರಿಂದ ಮಂತ್ರ, ತುಳಸಿ, ಬಾಯಿಗೆ ಅಕ್ಕಿಕಾಳು ಎಲ್ಲವನ್ನೂ ಅದಕ್ಕೆ ಮೊದಲೇ ಮುಗಿಸಿ. ಶವವನ್ನು ಊರಿಗೆ ಕಳಿಸುವುದಾದರೆ ಕಾರೊನರ್ ಅನುಮತಿಯೂ ಭಾರತೀಯ ಕಾನ್ಸುಲೇಟಿನ ಕಾಗದಗಳೂ ಬೇಕು.

ಇನ್ನು ಸೂಚನೆಗಳು, ಅವಸರದಲ್ಲಿ: ಚಿತ್ರಪ್ರದರ್ಶನ ತಿಂಗಳ ಮೂರನೇ ಭಾನುವಾರ ಮಧ್ಯಾಹ್ನ 2ಕ್ಕೆ, ಎಂದಿನ ಸಭಾಂಗಣದಲ್ಲಿ. ಹಳೆಯ ಪ್ರತಿಯಲ್ಲಿ ಧ್ವನಿ ಸಣ್ಣದು, ಮುಂದೆ ಕೂತುಕೊಳ್ಳಿ. ಕೋಲಾಟದ ತಾಲೀಮು ಅದೇ ದಿನ ಬೆಳಿಗ್ಗೆ 10ಕ್ಕೆ, ಕೋಲು ನೀವೇ ತನ್ನಿ. ಸದಸ್ಯತ್ವ ನವೀಕರಣಕ್ಕೆ ತಿಂಗಳ ಕೊನೆಯೇ ಗಡುವು. ಬಿಸಿಬೇಳೆಬಾತ್ 60 ಜನಕ್ಕೆ ಬೇಕು, ದೊಡ್ಡ ಪಾತ್ರೆ ಇರುವವರು ತಿಳಿಸಿ.

ಕೊನೆಯದಾಗಿ ಒಂದು ಕೋರಿಕೆ. ಸಾವಿನ ಮನೆಗೆ ನೆರವಾಗುವ ತಂಡದಲ್ಲಿ ಈಗ ಮೂವರೇ ಇದ್ದೇವೆ, ಮೂವರಿಗೂ ಕೆಲಸದ ದಿನ ರಜೆ ಸಿಗುವುದು ಕಷ್ಟ. ಕಾರು ಓಡಿಸಬಲ್ಲ ಇಬ್ಬರು, ವಾರದ ದಿನ ರಿಜಿಸ್ಟ್ರಾರ್ ಕಚೇರಿಗೆ ಜೊತೆ ಹೋಗಬಲ್ಲ ಒಬ್ಬರು, ಹತ್ತು ದಿನ ಆ ಮನೆಗೆ ಸರದಿಯಲ್ಲಿ ಅನ್ನ ಸಾರು ಕಳಿಸಬಲ್ಲ ನಾಲ್ಕು ಮನೆಗಳು ಬೇಕು. ಮಂತ್ರ ಬರಬೇಕಿಲ್ಲ. ಯಾವ ಜಾತಿ, ಯಾವ ಮತವೆಂದು ಕೇಳುವುದಿಲ್ಲ. ಪ್ರದರ್ಶನದ ದಿನ ಬಾಗಿಲ ಬಳಿ ಒಂದು ಹಾಳೆ ಇಟ್ಟಿರುತ್ತೇವೆ, ದಯವಿಟ್ಟು ಹೆಸರು ಬರೆಯಿರಿ.

— ಸಂಪಾದಕ